ಮಿಸ್ಸು ಪಾಸಾಗಬೇಕಲ್ಲ

ನಾಗಶ್ರೀಯ ಪರಿಚಯ ನನಗೆ ಆಗಿದ್ದು ಜಗಳದಿಂದ. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಸಂಜೆಯ ಖಾಸಗಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಹೊರಗಿನಿಂದಲೇ ಕರ್ಚೀಫು ಎಸೆದಿದ್ದೆ. ಆರಾಮಾಗಿ ಹತ್ತಿ ನೋಡಿದರೆ, ತೆಳ್ಳಗಿನ ಹುಡುಗಿಯೊಬ್ಬಳು ಆ ಕರ್ಚೀಫನ್ನು ನೀಟಾಗಿ ಮಡಿಸಿ ಕೈಯಲ್ಲಿಟ್ಟುಕೊಂಡು ಅಲ್ಲೇ ಕುಳಿತಿದ್ದಳು. "ತಗೊಳ್ಳಿ ಮೇಡಂ, ಯಾರ್ದೋ ಬಿದ್ದೋಗಿತ್ತು" ಎಂದು ನನ್ನ ಕೈಗೇ ಕೊಟ್ಟಳು. ನಾನು ಸೋಮನಹಳ್ಳಿಯವಳು. ನಮ್ಮ ಕಡೆ ಬೈಗುಳಕ್ಕೆ ಬರವಿಲ್ಲ. ಬಸ್ಸು ಊರು ದಾಟಿ ಗದ್ದೆಬಯಲಿಗೆ ಬರುವವರೆಗೂ ಬೈದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಸುಸ್ತಾಗಿದ್ರೆ ಕೂತ್ಕೊಳ್ಳಿ, ವಸಿ ಜರುಗ್ತೀನಿ" ಎಂದಳು.

ಮಾರನೆಯ ದಿನ ನೋಡಿದರೆ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಅದೇ ಹುಡುಗಿ. ರಸಾಯನಶಾಸ್ತ್ರಕ್ಕೆ ಬಂದ ಅತಿಥಿ ಉಪನ್ಯಾಸಕಿ. ನಾನು ಅಲ್ಲಿ ಕನ್ನಡ ಪಾಠ ಮಾಡುವ ಇಂದ್ರಮ್ಮ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಅಂದಿನಿಂದ ಸಂಜೆಯ ಬಸ್ಸಿನಲ್ಲಿ ಯಾರು ಮೊದಲು ಹತ್ತುತ್ತಾರೋ ಅವರು ಇನ್ನೊಬ್ಬರಿಗೂ ಸೀಟು ಹಿಡಿಯಬೇಕೆಂದು ನಮ್ಮಲ್ಲಿ ಒಪ್ಪಂದವಾಯಿತು. ಮದ್ದೂರಿನಲ್ಲಿ ಇಳಿದು ನಾನು ಸೋಮನಹಳ್ಳಿ ಕಡೆಗೆ, ಅವಳು ಆತಗೂರು ಕಡೆಯ ತನ್ನ ಹಳ್ಳಿಗೆ.

ಅತಿಥಿ ಎಂಬ ಒಳ್ಳೆಯ ಮಾತಿಗೆ ನಮ್ಮ ಕಾಲೇಜುಗಳಲ್ಲಿ ಬಂದಿರುವ ಗತಿ ನೋಡಿದರೆ ಕನ್ನಡದವಳಾದ ನನಗೆ ಸಂಕಟವಾಗುತ್ತದೆ. ಈ ಅತಿಥಿಯನ್ನು ಯಾರೂ ಬಾ ಎಂದು ಕರೆಯುವುದಿಲ್ಲ, ಇರು ಎಂದು ಹೇಳುವುದಿಲ್ಲ. ಪ್ರತಿ ವರ್ಷ ಪರೀಕ್ಷೆ ಮುಗಿದ ಕೂಡಲೇ ಮನೆಗೆ ಕಳಿಸುತ್ತಾರೆ, ಜೂನ್ ಕಳೆದ ಮೇಲೆ ಮತ್ತೆ ಅರ್ಜಿ ಹಾಕು ಅನ್ನುತ್ತಾರೆ. ನಾಗಶ್ರೀ ಹೀಗೆ ಏಳೆಂಟು ವರ್ಷ ಅತಿಥಿಯಾಗಿ ಸವೆದಿದ್ದಳು. ಮದುವೆಯ ಮಾತು ಬಂದಾಗಲೆಲ್ಲ "ಕೆಲಸ ಕಾಯಂ ಆಗ್ಲಿ" ಎನ್ನುತ್ತಿದ್ದಳು. ಕೆಲಸ ಕಾಯಂ ಆಗಬೇಕಾದರೆ ಪಿಎಚ್.ಡಿ. ಮುಗಿಯಬೇಕಿತ್ತು. ಅವಳ ಅಪ್ಪ ಕೆಂಪಸಿದ್ದಯ್ಯ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಮಗಳ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದ ಬೋರ್ಡು ಬಾಗಿಲಿಗೆ ಹಾಕಬೇಕೆಂದು ಅದಕ್ಕೆ ಮೊಳೆಯನ್ನೂ ಹೊಡೆದಿಟ್ಟಿದ್ದರು.

ಅವಳ ಸಂಶೋಧನೆಯ ವಿಷಯ ಕೇಳಿದ ದಿನ ನಾನು ಬಸ್ಸಿನಲ್ಲೇ ಜೋರಾಗಿ ನಕ್ಕಿದ್ದೆ. ರಸಾಯನಶಾಸ್ತ್ರದ ಕಲಿಕೆಯಲ್ಲಿ ವೈಜ್ಞಾನಿಕ ಸೃಜನಶೀಲತೆ. "ನಮ್ಮ ಕಾಲೇಜಿನ ಲ್ಯಾಬಲ್ಲಿ ನಲ್ಲಿಗೆ ನೀರು ಬರಲ್ಲ, ನೀನು ಸೃಜನಶೀಲತೆ ಹುಡುಕ್ತೀಯಾ?" ಎಂದೆ. ಅವಳು ಮುನಿಸಿಕೊಳ್ಳಲಿಲ್ಲ. ಫೋನಿನಲ್ಲಿ ಒಂದು ಲೇಖನ ತೆಗೆದು ತೋರಿಸಿದಳು. ಅದು ಟರ್ಕಿಯದಂತೆ. ಇನ್ನೊಂದು ಚೀನಾದ್ದು, ಮತ್ತೊಂದು ಇಂಡೋನೇಷ್ಯಾದ್ದು. ಜಗತ್ತಿನಲ್ಲಿ ಈ ವಿಷಯದ ಮೇಲೆ ಯಾರು ಏನು ಬರೆದಿದ್ದಾರೆ, ಯಾವ ಕಾಲದಲ್ಲಿ ಯಾವ ಕಡೆಗೆ ಒಲವು ಹೆಚ್ಚಾಯಿತು ಎಂದು ನೋಡುವುದೇ ಅವಳ ಎರಡನೇ ಅಧ್ಯಾಯ. ಅದಕ್ಕಾಗಿ ಅವಳು ಲೆಕ್ಕವಿಲ್ಲದಷ್ಟು ಲೇಖನಗಳನ್ನು ಮಳವಳ್ಳಿ ಮದ್ದೂರಿನ ನಡುವೆ, ಟಾಪಿನ ಮೇಲೆ ತರಕಾರಿ ಚೀಲ ಹೇರಿದ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡು ಓದಿದಳು. ಮೊದಮೊದಲು ವಿದ್ವಾಂಸರು ಸೃಜನಶೀಲತೆ ಎಂದರೇನು ಎಂದು ಜಗ್ಗಾಡುತ್ತಿದ್ದರಂತೆ. ಆಮೇಲೆ ಅದನ್ನು ಅಳೆಯುವ ಪರೀಕ್ಷೆಗಳು ಬಂದವು. ಈಗೀಗ ಮಕ್ಕಳ ಕೈಯಲ್ಲೇ ಏನಾದರೂ ಮಾಡಿಸಿ, ಮಾಡಿಸುವ ಮೊದಲು ಎಷ್ಟಿತ್ತು, ಮಾಡಿಸಿದ ಮೇಲೆ ಎಷ್ಟಾಯಿತು ಎಂದು ಅಳೆದು ಹೇಳುವುದು ಹೆಚ್ಚಾಗಿದೆಯಂತೆ.

"ಅಳೆಯೋದು ಎಂಗಮ್ಮ, ಸೇರಲ್ಲಾ ಪಾವಲ್ಲಾ?" ಎಂದು ಕೆಣಕಿದೆ.

ಅವಳು ತಾಳ್ಮೆಯಿಂದ ವಿವರಿಸಿದಳು. ಮಕ್ಕಳಿಗೆ ಒಂದೇ ಉತ್ತರವಿಲ್ಲದ ಪ್ರಶ್ನೆ ಕೊಡುತ್ತಾರೆ. ತೋಚಿದಷ್ಟು ದಾರಿ ಬರೆಯಿರಿ ಅನ್ನುತ್ತಾರೆ. ಎಷ್ಟು ಬರೆದರು ಎಂಬುದಕ್ಕೆ ಒಂದಿಷ್ಟು ಅಂಕ, ಎಷ್ಟು ಬಗೆಯವು ಎಂಬುದಕ್ಕೆ ಒಂದಿಷ್ಟು. ಮೂರನೆಯದು ಸ್ವಂತಿಕೆ. ಅದರಲ್ಲೇ ಇರುವುದು ತಮಾಷೆ. ಬೇರೆ ಯಾರಿಗೂ ಹೊಳೆಯದ್ದನ್ನು ಬರೆದವರಿಗೆ ಹೆಚ್ಚು ಅಂಕ. ತರಗತಿಯಲ್ಲಿ ಬಹಳ ಮಂದಿ ಅದನ್ನೇ ಬರೆದಿದ್ದರೆ ಸೊನ್ನೆ.

"ಉತ್ತರ ಸರಿಯಾಗಿದ್ರೂ ಸೊನ್ನೆನಾ?"

"ಸರಿಯಾಗಿದ್ರೂ ಸೊನ್ನೆ ಮೇಡಂ. ಎಲ್ರಿಗೂ ತೋಚೋದಾದ್ರೆ ಅದ್ರಲ್ಲಿ ಸ್ವಂತಿಕೆ ಏನು?"

ನನಗೆ ಅದು ಸರಿ ಅನ್ನಿಸಲಿಲ್ಲ. ಆದರೂ ಅವಳ ಪ್ರಶ್ನೆಗಳನ್ನು ಕನ್ನಡಕ್ಕೆ ತಂದುಕೊಟ್ಟವಳು ನಾನೇ. ಅವಳ ಗೈಡು ಪ್ರೊಫೆಸರ್ ಶಶಿಧರ್ ಅವರಿಗೆ ನನ್ನ ಕನ್ನಡ ಹಿಡಿಸಿತಂತೆ. ಆಮೇಲೆ ಇಡೀ ಪ್ರಬಂಧವನ್ನೇ ತಿದ್ದಿಕೊಡುವ ಕೆಲಸ ನನ್ನ ತಲೆಗೆ ಬಂತು. ಬೈದುಕೊಂಡೇ ಮಾಡಿದೆ.

ಮೊದಲು ಬೇರೊಂದು ಶಾಲೆಯಲ್ಲಿ ಸಣ್ಣದಾಗಿ ಪ್ರಯೋಗ ಮಾಡಿ ನೋಡಿ, ಆಮೇಲೆ ಅವಳು ಎರಡು ಶಾಲೆಗಳ ಒಂಬತ್ತನೇ ತರಗತಿಯನ್ನು ಆರಿಸಿಕೊಂಡಳು. ಒಂದು ಮಳವಳ್ಳಿ ಪೇಟೆಯದು, ಇನ್ನೊಂದು ಆತಗೂರು ಕಡೆಯ ಸರ್ಕಾರಿ ಪ್ರೌಢಶಾಲೆ. ಹೆಸರು ಬೇಡ. ಪೇಟೆ ಶಾಲೆಯಲ್ಲಿ ಅಲ್ಲಿಯ ಮೇಷ್ಟರೇ ಪುಸ್ತಕ ಹಿಡಿದು ಎಂದಿನಂತೆ ಪಾಠ ಮಾಡುವುದು. ಹಳ್ಳಿ ಶಾಲೆಯಲ್ಲಿ ಶನಿವಾರ ಶನಿವಾರ ಇವಳೇ ಹೋಗಿ ಹೊಸ ರೀತಿಯಲ್ಲಿ ಪಾಠ ಮಾಡುವುದು. ಪಾಠಕ್ಕೆ ಮೊದಲೊಮ್ಮೆ, ಕೊನೆಯಲ್ಲೊಮ್ಮೆ ಎರಡು ಕಡೆಯೂ ಒಂದೇ ಪರೀಕ್ಷೆ ಕೊಟ್ಟು ಯಾರ ಅಂಕ ಏರಿತು ಎಂದು ನೋಡುವುದು. ಹಳ್ಳಿ ಶಾಲೆಯ ಅಂಕ ಏರಿದರೆ ಅವಳ ವಾದ ಗೆದ್ದಂತೆ, ಪಿಎಚ್.ಡಿ. ಕೈಗೆ ಬಂದಂತೆ.

ಆ ಶನಿವಾರಗಳಲ್ಲಿ ಒಂದೆರಡು ಸಲ ನಾನೂ ಜೊತೆಗೆ ಹೋಗಿದ್ದೆ. ಅದು ಪಾಠವೋ ಸಂತೆಯೋ ಹೇಳುವುದು ಕಷ್ಟ. ಮಕ್ಕಳು ಮನೆಯಿಂದ ಸುಣ್ಣ, ಬೂದಿ, ಹುಣಸೆಹಣ್ಣು, ಬೆಂಡೆ ಗಿಡದ ಕಾಂಡ, ನುಗ್ಗೆ ಬೀಜ ಎಲ್ಲಾ ತಂದು ಬೆಂಚಿನ ಮೇಲೆ ಸುರಿದಿದ್ದರು. ಕದಡಿದ ನೀರನ್ನು ತಿಳಿ ಮಾಡುವುದು ಅವತ್ತಿನ ಕೆಲಸ. ಮಹದೇವು ಎಂಬ ಹುಡುಗ ಬೆಂಡೆ ಕಾಂಡ ಜಜ್ಜಿ ಲೋಳೆ ಹಿಂಡಿದ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆ ಮೇಲೆ ಬರಲು ಅದನ್ನು ಹಾಕುತ್ತಾರಲ್ಲ, ಮಣ್ಣಿಗೂ ಅದೇ ಕೆಲಸ ಮಾಡಲಿ ಎಂದು ಅವನ ಯೋಚನೆ. ಗಗನ ಎಂಬ ಹುಡುಗಿ ಮಾತ್ರ ಏನನ್ನೂ ತಂದಿರಲಿಲ್ಲ. ಕದಡಿದ ನೀರಿನ ಲೋಟವನ್ನು ಕಿಟಕಿಯ ಮೇಲೆ ಎತ್ತರದಲ್ಲಿಟ್ಟು, ಖಾಲಿ ಲೋಟವನ್ನು ಕೆಳಗಿಟ್ಟು, ಬ್ಯಾಗಿಗೆ ಕಟ್ಟಿದ್ದ ಹಳೆಯ ಸೀರೆಯ ಅಂಚಿನ ಪಟ್ಟಿಯೊಂದನ್ನು ಬಿಚ್ಚಿ ಒದ್ದೆ ಮಾಡಿ ಮೇಲಿನಿಂದ ಕೆಳಕ್ಕೆ ಇಳಿಬಿಟ್ಟಳು. ಬಕೆಟ್ಟಿನ ಅಂಚಿಗೆ ನೇತುಬಿದ್ದ ಒದ್ದೆ ಬಟ್ಟೆಯ ತುದಿಯಿಂದ ನೀರು ತೊಟ್ಟಿಕ್ಕಿ ನೆಲವೆಲ್ಲ ಒದ್ದೆಯಾಗಿ ಅವರವ್ವ ಬೈದದ್ದು ಅವಳಿಗೆ ನೆನಪಿತ್ತು. ಸೋಮವಾರ ಮಕ್ಕಳು ಬಂದು ನೋಡಿದರೆ ಕೆಳಗಿನ ಲೋಟದಲ್ಲಿ ತಿಳಿನೀರು, ಮೇಲಿನ ಲೋಟದ ತಳದಲ್ಲಿ ಕೆಂಪು ಮಣ್ಣು. ಅಲ್ಲಿಯ ಹೆಡ್‌ಮಾಸ್ಟರು ತೆಗೆದು ಕಳಿಸಿದ ಅದರ ಫೋಟೊವನ್ನು ನಾಗಶ್ರೀ ಬಸ್ಸಿನಲ್ಲಿ ನನಗೆ ಎಷ್ಟು ಸಲ ತೋರಿಸಿದಳೋ. ಅವಳನ್ನು ಅಷ್ಟು ಖುಷಿಯಾಗಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೊನೆಯ ಪರೀಕ್ಷೆ ಫೆಬ್ರವರಿಯಲ್ಲಿ ನಡೆಯಿತು. ಪೇಟೆ ಶಾಲೆಯದು ಮುಗಿದ ಮೇಲೆ ಹಳ್ಳಿ ಶಾಲೆಯದು. ಪರೀಕ್ಷೆ ಎಂದ ಕೂಡಲೇ ಮಕ್ಕಳ ಮುಖ ಬಾಡಿದ್ದನ್ನು ನೋಡಿ ನಾಗಶ್ರೀ ಹಿಂದಿನ ವಾರವೇ ಧೈರ್ಯ ಹೇಳಿದ್ದಳು. "ಇದು ನಿಮ್ಮ ಪರೀಕ್ಷೆ ಅಲ್ಲ ಕಣ್ರೋ. ನನ್ನ ಪರೀಕ್ಷೆ. ನಿಮಗೆ ಮಾರ್ಕ್ಸೂ ಇಲ್ಲ, ಫೇಲೂ ಇಲ್ಲ. ಕದಡಿದ ನೀರಿನಂಥದ್ದೇ ಪ್ರಶ್ನೆ ಕೇಳ್ತೀನಿ, ತೋಚಿದ್ದು ಬರೀರಿ." ಯಾವ ಟೀಚರಾದರೂ ಹೇಳುವ ಮಾತೇ ಅದು.

ಬೇಸಿಗೆ ರಜೆಯಲ್ಲಿ ಅವಳು ಉತ್ತರಗಳನ್ನು ಎಣಿಸಲು ಕುಳಿತಳು. ಎರಡನೇ ದಿನ ನನಗೆ ಫೋನು ಬಂತು. ಪೇಟೆ ಶಾಲೆಯ ಮಕ್ಕಳು ಒಬ್ಬೊಬ್ಬರು ಒಂದೊಂದು ಬರೆದಿದ್ದರು. ಹಳ್ಳಿ ಶಾಲೆಯಲ್ಲಿ ಎಲ್ಲರೂ ಒಂದೇ ಪಟ್ಟಿ ಬರೆದಿದ್ದರು. ಗಗನಳ ಬಟ್ಟೆ, ಮಹದೇವುವಿನ ಬೆಂಡೆ ಲೋಳೆ, ಇನ್ಯಾರದೋ ನುಗ್ಗೆ ಬೀಜ, ಮತ್ಯಾರದೋ ಕಬ್ಬಿನ ಸಿಪ್ಪೆ ಸುಟ್ಟ ಕರಿ. ಅಕ್ಷರ ಬೇರೆ ಬೇರೆ, ಕಾಗುಣಿತದ ತಪ್ಪುಗಳು ಬೇರೆ ಬೇರೆ, ಉತ್ತರ ಮಾತ್ರ ಅವೇ. ಎಲ್ಲ ಒಳ್ಳೆಯ ಉತ್ತರಗಳೇ. ಲೆಕ್ಕದ ಪ್ರಕಾರ ಸ್ವಂತಿಕೆಯಲ್ಲಿ ಇಡೀ ತರಗತಿಗೆ ಸೊನ್ನೆ.

"ಪಾಠ ಮಾಡೋಕೆ ಮೊದಲೇ ಹೆಚ್ಚು ಬಂದಿತ್ತು ಮೇಡಂ. ನಾನು ಪಾಠ ಮಾಡಿ ಇದ್ದದ್ದನ್ನೂ ಕಳೆದ್ನಲ್ಲ" ಎಂದು ಅತ್ತಳು.

ಪ್ರೊಫೆಸರ್ ಶಶಿಧರ್ ಕೆಟ್ಟವರಲ್ಲ. ತಮ್ಮ ವಿದ್ಯಾರ್ಥಿಗಳು ಬೇಗ ಮುಗಿಸಿ ದಡ ಸೇರಲಿ ಎನ್ನುವವರು. ಅವರು ಉತ್ತರಪತ್ರಿಕೆ ತಿರುವಿಹಾಕಿ, "ಇದು ನಕಲು. ನಿಮ್ಮ ತಪ್ಪಲ್ಲ. ಆ ಶಾಲೆಯನ್ನ ಕೈಬಿಡಿ, ಬೇರೆ ಶಾಲೆಯಲ್ಲಿ ಮಾಡಿದ್ರಲ್ಲ ಪೂರ್ವ ಪ್ರಯೋಗ, ಆ ಮಕ್ಕಳ ಅಂಕಗಳನ್ನ ತಗೊಳ್ಳಿ, ಅಲ್ಲಿ ಚೆನ್ನಾಗೇ ಏರಿದೆ. ಯಾಕೆ ಕೈಬಿಟ್ವಿ ಅನ್ನೋದಕ್ಕೆ ಒಂದು ವಾಕ್ಯ ಬರೀರಿ. ಈ ವರ್ಷವೇ ಮುಗಿಯುತ್ತೆ" ಎಂದರು. ಅದರಲ್ಲಿ ಮೋಸವೇನೂ ಇರಲಿಲ್ಲ. ನಕಲು ನಡೆದ ಪರೀಕ್ಷೆಯನ್ನು ಬಿಟ್ಟುಬಿಡುವುದು ಎಲ್ಲ ಕಡೆಯೂ ಇರುವ ಪದ್ಧತಿಯೇ. ಅದೇ ಸಮಯಕ್ಕೆ ಕಾಯಂ ಹುದ್ದೆಗಳಿಗೆ ಸದ್ಯದಲ್ಲೇ ಅರ್ಜಿ ಕರೆಯುತ್ತಾರೆ ಎಂಬ ಸುದ್ದಿಯೂ ಇತ್ತು.

"ಬರ್ದು ಬಿಸಾಕು" ಎಂದೆ ನಾನು.

ಅವಳು ಬರೆದಳು. ವಿದ್ಯಾರ್ಥಿಗಳು ಪರಸ್ಪರ ನಕಲು ಮಾಡಿರುವುದು ಕಂಡುಬಂದ ಕಾರಣ ಈ ಶಾಲೆಯ ಮಾಹಿತಿಯನ್ನು ಕೈಬಿಡಲಾಗಿದೆ. ಇಷ್ಟೇ. ನಾನು ಅದರಲ್ಲಿ ಕಂಡುಬಂದ ಎನ್ನುವುದು ಚೆನ್ನಾಗಿಲ್ಲ ಎಂದು ತಿದ್ದಿದೆ. ಅವಳು ನಾನು ಹೊಡೆದುಹಾಕಿದ ಆ ಮಾತನ್ನೇ ನೋಡುತ್ತಾ ಕುಳಿತಿದ್ದಳು. "ಕಂಡಿಲ್ವಲ್ಲ ಮೇಡಂ ನಾನು. ಪರೀಕ್ಷೆ ದಿನ ನಾನೂ ಅಲ್ಲೇ ಇದ್ದೆ, ಹೆಡ್‌ಮಾಸ್ಟರೂ ಇದ್ರು. ಒಬ್ರೂ ತಲೆ ಎತ್ತಿಲ್ಲ. ಎಂಗೆ ಮಾಡುದ್ರು? ಒಂದ್ಸಲ ಕೇಳ್ಬುಟ್ಟು ಬಂದು ಆಮೇಲೆ ಕಳಿಸ್ತೀನಿ" ಎಂದಳು.

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಇಬ್ಬರೂ ಹೋದೆವು. ಮಕ್ಕಳು ಆಗ ಹತ್ತನೇ ತರಗತಿಗೆ ಬಂದಿದ್ದರು. ಹೆಡ್‌ಮಾಸ್ಟರ್ ಮಹದೇವಯ್ಯನವರಿಗೆ ವಿಷಯ ತಿಳಿಸಿದಾಗ ಅವರ ಮುಖ ಚಿಕ್ಕದಾಯಿತು. "ನಮ್ಮ ಐಕ್ಳು ಕದ್ದು ಬರುದ್ವು ಅಂತ ಪುಸ್ತಕದಲ್ಲಿ ಬರೀತೀರಾ ಮೇಡಂ? ನಾನೇ ಅಲ್ಲಿದ್ನಲ್ಲ" ಎಂದರು. ನಾಗಶ್ರೀ ನೇರವಾಗಿ ತರಗತಿಗೆ ನಡೆದಳು.

ಮಕ್ಕಳು ಅವಳನ್ನು ನೋಡಿ ಕೂಗಿದ ಕೂಗು ಪಕ್ಕದ ಕಬ್ಬಿನ ಗದ್ದೆಗೂ ಕೇಳಿಸಿರಬೇಕು. ಎಲ್ಲರಿಗಿಂತ ಮೊದಲು ಗಗನ ಎದ್ದು ನಿಂತು, "ಮಿಸ್, ಪಾಸಾದ್ರಾ?" ಎಂದಳು.

ನಾಗಶ್ರೀ ಬಾಗಿಲಲ್ಲೇ ನಿಂತಳು. "ಯಾವ ಪಾಸು?"

"ಅದೇ ಮಿಸ್, ನಿಮ್ಮ ಪರೀಕ್ಷೆ. ನೀವೇ ಯೋಳುದ್ರಲ್ಲ, ಇದು ನಿಮ್ದಲ್ಲ ನಂದು ಅಂತ."

"ಅದಕ್ಕೆ?"

"ಅದ್ಕೇ ಮಿಸ್, ಹಿಂದಿನ ದಿನ ಸಂಜೆ ಎಲ್ರೂ ಹೊಂಗೆ ಮರದ ತಾವ ಕೂತ್ಕಂಡು, ಯಾರ್ ಯಾರ್ದು ಚೆನ್ನಾಗದೆ ಅಂತ ಆರುಸ್ಕಂಡ್ವಿ. ಎಲ್ರೂ ಬಾಯ್ಪಾಠ ಮಾಡ್ಕಂಡ್ವಿ. ಒಬ್ರು ಒಳ್ಳೇದು ಬರ್ದು ಇನ್ನೊಬ್ರು ಕೆಟ್ಟದ್ ಬರುದ್ರೆ ನಿಮ್ಗೆ ಮಾರ್ಕ್ಸ್ ಕಮ್ಮಿ ಆಯ್ತದಲ್ಲ."

ಮಹದೇವು ಹಿಂದಿನಿಂದ ಸೇರಿಸಿದ. "ಇವ್ಳು ಬಟ್ಟೆದನ್ನ ಕೊಡಕಿಲ್ಲ ಅಂದ್ಳು ಮಿಸ್ ಮೊದ್ಲು. ನಂದು ಅಂದ್ಳು. ಆಮೇಲೆ ಮಿಸ್ಸು ಪಾಸಾಗ್ಬೇಕಲ್ಲ ಅಂತ ತಾನೇ ಕೊಟ್ಳು."

ಗಗನ ಅವನನ್ನು ಗುರಾಯಿಸಿದಳು. ಮಕ್ಕಳೆಲ್ಲ ನಗುತ್ತಿದ್ದರು. ಯಾರ ಮುಖದಲ್ಲೂ ಕದ್ದವರ ಭಯ ಇರಲಿಲ್ಲ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಮಕ್ಕಳಿಗೆ ಗೊತ್ತಿದ್ದ ಪರೀಕ್ಷೆ ಎಂದರೆ ಸರಿ ಉತ್ತರಕ್ಕೆ ಪೂರ್ತಿ ಅಂಕ ಕೊಡುವ ಪರೀಕ್ಷೆ. ತಮ್ಮ ಮಿಸ್ಸಿಗೆ ಅವರು ಇದ್ದದ್ದರಲ್ಲೆಲ್ಲ ಒಳ್ಳೆಯದನ್ನು ಆರಿಸಿ ಕೊಟ್ಟಿದ್ದರು. ಕೊಟ್ಟದ್ದರಿಂದಲೇ ಅವಳು ಮುಳುಗಿದ್ದಳು. ನಾಗಶ್ರೀ ಅವರಿಗೆ ಅದನ್ನು ಹೇಳಲಿಲ್ಲ. "ಇನ್ನೂ ರಿಸಲ್ಟ್ ಬಂದಿಲ್ಲ" ಎಂದಷ್ಟೇ ಹೇಳಿ ಹೊರಗೆ ಬಂದಳು.

ಬಸ್ಸಿಗೆ ಕಾಯುವಾಗ ಫೋನು ತೆಗೆದು ಆ ವಾಕ್ಯವನ್ನು ಅಳಿಸಿದಳು. ನನಗೆ ರೇಗಿತು.

"ಬುದ್ಧಿ ಇದೆಯಾ ನಿಂಗೆ? ಆ ಐಕ್ಳು ಒಳ್ಳೆವು, ನಾನು ಇಲ್ಲ ಅಂದ್ನಾ? ನಕಲು ಅನ್ಬೇಡ, ಬೇರೆ ಏನಾದ್ರೂ ಕಾರಣ ಬರಿ. ಮುಗಿಸು ಮೊದ್ಲು."

"ಬೇರೆ ಏನಂತ ಬರೀಲಿ ಮೇಡಂ? ಏನೇ ಬರುದ್ರೂ ಅವ್ರನ್ನ ಆಚೆ ಹಾಕ್ದಂಗೇ. ಇಡೀ ಪ್ರಬಂಧದಲ್ಲಿ ನಿಜವಾಗ್ಲೂ ಏನಾದ್ರೂ ನಡೆದಿರೋದು ಅಂದ್ರೆ ಅದೊಂದೇ."

"ಪೋಸ್ಟು ಹೋಗುತ್ತೆ ಕಣೇ."

"ಗೊತ್ತು" ಎಂದಳು. ಬಸ್ಸು ಬಂತು. ಅವತ್ತು ಒಬ್ಬರಿಗೊಬ್ಬರು ಸೀಟು ಹಿಡಿಯಲಿಲ್ಲ.

ನಾನು ಅಷ್ಟಕ್ಕೇ ಬಿಡುವವಳಲ್ಲ. ಮುಂದಿನ ಭಾನುವಾರ ಅವಳಿಲ್ಲದ ಹೊತ್ತು ನೋಡಿ ಅವಳ ಮನೆಗೇ ಹೋದೆ. ಅವ್ವ ಹೇಳಿದರೆ ಕೇಳುತ್ತಾಳೇನೋ ಎಂಬ ಆಸೆ. ಪಟ್ಟಲಮ್ಮ ಜಗುಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದರು. ಒಳಗೆ ಗೋಡೆಯ ಮೇಲೆ ಮನೆದೇವರ ಪಕ್ಕ ಬುದ್ಧನ ಪಟ ಇತ್ತು. ನಾನು ಎಲ್ಲವನ್ನೂ ಬಿಡಿಸಿ ಹೇಳಿ, "ನೀವಾದ್ರೂ ಬುದ್ಧಿ ಹೇಳಿ ಪಟ್ಟಲಮ್ಮೋರೆ, ಒಂದು ಮಾತಿಗೋಸ್ಕರ ಬದುಕು ಹಾಳು ಮಾಡ್ಕೋತಾಳೆ" ಎಂದೆ.

ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಯಾವ ಮಾತು ಮೇಡಮ್ನೋರೆ, ನಕಲು ಅನ್ನೋದಾ?" ಎಂದರು. "ಅವ್ಳು ನಿಮ್ಗೆ ಯೋಳಿಲ್ಲ ಅನ್ನಿ. ಎಸ್ಸೆಸ್ಸೆಲ್ಸಿ ಪರೀಕ್ಸೇಲಿ ಸ್ಕ್ವಾಡ್ನೋರು ಬಂದಿದ್ರು. ಇವ್ಳ ಪೇಪರ್ರು, ಇವ್ಳ ಮುಂದ್ಗಡೆ ಕೂತಿದ್ದ ನಮ್ಮೂರ ಗೌಡ್ರ ಮಗಳ ಪೇಪರ್ರು ಎರಡೂ ಒಂದೇ ತರ ಅದೆ ಅಂದ್ರು. ಇರದೇ ಇನ್ನೇನು, ವರ್ಸೆಲ್ಲ ಇಬ್ರೂ ಕೂತು ಒಂದೇ ಪುಸ್ತಕದಲ್ಲಿ ಓದ್ಕಂಡಿದ್ರು. ಆ ಮಗೀನ ಏನೂ ಕೇಳ್ನಿಲ್ಲ. ನಮ್ಮುಡ್ಗಿನ ಎದ್ ನಿಲ್ಸಿ, ಎಲ್ಲಾರ್ ಮುಂದೆ, ನೀನು ನೋಡ್ಕಂಡ್ ಬರ್ದಿದ್ದೀಯ ಅಂದ್ರು. ಇವ್ಳು ಪೇಪರ್ ಕೊಡಿ, ಇನ್ನೊಂದ್ಸಲ ಇಲ್ಲೇ ಬರೀತೀನಿ ಅಂದ್ಳಂತೆ. ಬರುದ್ಳು. ನೋಡುದ್ರು, ಸುಮ್ನೆ ಒಂಟೋದ್ರು. ತಪ್ಪಾಯ್ತು ಅಂತ ಒಂದ್ ಮಾತಿಲ್ಲ."

ಮೊರಕ್ಕೆ ಇನ್ನೊಂದು ಹಿಡಿ ಕಾಯಿ ಸುರಿದುಕೊಂಡು, "ಆ ಗೌಡ್ರ ಮಗಳು ಎದ್ ನಿಂತು, ನಾವಿಬ್ರೂ ಒಟ್ಟಿಗೆ ಓದಿದ್ವಿ ಅಂತ ಅತ್ತು ಯೋಳುದ್ಳಂತೆ. ಯಾರೂ ಕೇಳ್ನಿಲ್ಲ" ಎಂದರು.

ನಾನೂ ಗೌಡರ ಮನೆಯವಳೇ. ನನ್ನ ಪೇಪರನ್ನು ಯಾವ ಸ್ಕ್ವಾಡೂ ಎತ್ತಿ ನೋಡಿದ್ದಿಲ್ಲ. ಆ ಜಗುಲಿಯ ಮೇಲೆ ಕುಳಿತು ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಪಟ್ಟಲಮ್ಮ ಒಳಗೆ ಹೋಗಿ ಮುದ್ದೆ, ಉಪ್ಸಾರು ತಂದಿಟ್ಟರು. ಉಂಡು, ಬಂದ ಕೆಲಸದ ಮಾತೆತ್ತದೆ ವಾಪಸ್ಸು ಬಂದೆ.

ಆಮೇಲಿನದು ಕಷ್ಟದ ವರ್ಷ. ಹಳ್ಳಿ ಶಾಲೆಯನ್ನು ಬಿಡುವುದಿಲ್ಲ ಎಂದಾಗ ಪ್ರೊಫೆಸರ್ ಶಶಿಧರ್ ತಲೆ ಚಚ್ಚಿಕೊಂಡರು. ಸೊನ್ನೆ ಬಂದದ್ದನ್ನು ಸೊನ್ನೆ ಎಂದೇ ಬರೆಯುತ್ತೇನೆ, ಯಾಕೆ ಬಂತು ಎಂಬುದನ್ನೂ ಬರೆಯುತ್ತೇನೆ ಎಂದಳು ಇವಳು. ಮಕ್ಕಳು ಒಟ್ಟಾಗಿ ಕೂತು ಆರಿಸಿದ್ದು ಹೇಗೆ, ಬಟ್ಟೆಯ ಉಪಾಯಕ್ಕೆ ಯಾರು ಏನು ಸೇರಿಸಿದರು, ಯಾವುದನ್ನು ಯಾಕೆ ಬಿಟ್ಟರು, ಎಲ್ಲವನ್ನೂ ಮತ್ತೆ ಹೋಗಿ ಕೇಳಿ ಒಂದು ಅಧ್ಯಾಯ ಮಾಡುತ್ತೇನೆ ಎಂದಳು.

"ಇದಕ್ಕೆ ಆಧಾರ ಎಲ್ಲಿದೆಯಮ್ಮ? ಯಾರು ಹೀಗೆ ಮಾಡಿದ್ದಾರೆ?" ಎಂದು ಅವರು ಕೇಳಿದರಂತೆ.

"ಬಹಳ ಕಮ್ಮಿ ಜನ ಸರ್. ಅಷ್ಟು ಲೇಖನ ಓದುದ್ನಲ್ಲ, ಹೆಚ್ಚುಕಮ್ಮಿ ಎಲ್ರೂ ಒಂದೊಂದು ಮಗೂನ ಒಂಟಿಯಾಗಿ ಕೂರಿಸಿ ಅಳೆದಿದ್ದಾರೆ. ಅದನ್ನ ನಾನೇ ಬರೆದಿದ್ದೀನಿ, ನೀವೇ ಸಹಿ ಮಾಡಿದ್ದೀರಿ" ಎಂದಳಂತೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಸರಿ, ಒಂದು ವರ್ಷ ಹೆಚ್ಚಿಗೆ ಕೇಳಿ ಅರ್ಜಿ ಬರೀರಿ" ಎಂದರು. ಮನುಷ್ಯ ಕೆಟ್ಟವರಲ್ಲ ಎಂದು ನಾನು ಮೊದಲೇ ಹೇಳಿದೆ.

ಆ ಒಂದು ವರ್ಷದಲ್ಲೇ ಕಾಯಂ ಹುದ್ದೆಗಳಿಗೆ ಅರ್ಜಿ ಕರೆದರು. ಪದವಿ ಇನ್ನೂ ಕೈಗೆ ಬಂದಿರಲಿಲ್ಲ, ಅವಳು ಹಾಕುವಂತಿರಲಿಲ್ಲ. ಅವಳ ನಂತರ ಸಂಶೋಧನೆಗೆ ಸೇರಿದ್ದ ಕವಿತ ಎಂಬುವಳು ಹಾಕಿ, ಆಯ್ಕೆಯೂ ಆದಳು. ಆ ಸಂಜೆ ಬಸ್ಸಿನಲ್ಲಿ ನಾಗಶ್ರೀ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. "ಬೇಜಾರಾ?" ಎಂದೆ. "ಬೇಜಾರೇ ಮೇಡಂ. ಬೇಜಾರಿಲ್ಲ ಅಂತ ಯೋಳಿ ದೊಡ್ಡಸ್ತಿಕೆ ಯಾಕೆ? ಬೆಳಗ್ಗೆಯಿಂದ ಅತ್ತೂ ಅತ್ತೂ ತಲೆ ನೋಯ್ತಾದೆ" ಎಂದಳು. ನಾನು ಅವಳ ಕೈ ಹಿಡಿದುಕೊಂಡು ಕೂತೆ. ಆ ಒಂದು ವಾಕ್ಯ ಬರೆದಿದ್ದರೆ ಆಗುತ್ತಿತ್ತಲ್ಲ ಎಂದು ನನಗೆ ಆಗಲೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಕೊನೆಗೆ ಮೌಖಿಕ ಪರೀಕ್ಷೆಯ ದಿನ ಬಂತು. ಅದು ಬಹಿರಂಗ ಪರೀಕ್ಷೆ, ಯಾರು ಬೇಕಾದರೂ ಬಂದು ಕೂರಬಹುದು. ಪಟ್ಟಲಮ್ಮ, ಕೆಂಪಸಿದ್ದಯ್ಯ, ನಾನು ವಿಶ್ವವಿದ್ಯಾಲಯಕ್ಕೆ ಹೋಗಿದ್ದೆವು. ಗಗನ ಆಗ ಮಳವಳ್ಳಿಯಲ್ಲಿ ಪಿಯುಸಿ ಸೇರಿದ್ದಳು. ವಿಷಯ ಹೇಗೆ ತಿಳಿಯಿತೋ, ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಯೂನಿಫಾರಂ ಹಾಕಿಕೊಂಡೇ ನಿಂತಿದ್ದಳು. "ನಾನೂ ಬತ್ತೀನಿ" ಎಂದಳು. ಬೇಡ ಎಂದರೂ ಕೇಳಲಿಲ್ಲ.

ನಾಗಶ್ರೀ ಅರ್ಧ ಗಂಟೆ ಚೆನ್ನಾಗಿಯೇ ಮಾತಾಡಿದಳು. ಜಗತ್ತಿನ ಸಂಶೋಧನೆಗಳ ಒಲವು, ಅಳತೆಗಳು, ತನ್ನ ಪಾಠದ ರೀತಿ. ಹೊರಗಿನಿಂದ ಬಂದಿದ್ದ ಪರೀಕ್ಷಕಿ ವಯಸ್ಸಾದ ಹೆಂಗಸು, ನೇರ ಮಾತಿನವರು. ಪ್ರಬಂಧದ ಹಾಳೆಯೊಂದಕ್ಕೆ ಬೆರಳಿಟ್ಟುಕೊಂಡು ಕೇಳಿದರು.

"ಇಲ್ಲಿ ಒಂದು ತರಗತಿಯ ಮಕ್ಕಳೆಲ್ಲ ಒಂದೇ ಉತ್ತರ ಬರೆದಿದ್ದಾರೆ. ಸ್ವಂತಿಕೆಗೆ ನೀವೇ ಸೊನ್ನೆ ಹಾಕಿದ್ದೀರಿ. ಬಾಯಿಪಾಠ ಮಾಡಿ ಬರೆದದ್ದು ಅಂತಲೂ ಹೇಳಿದ್ದೀರಿ. ಮತ್ತೆ ಅದರ ಮೇಲೆ ಒಂದು ಇಡೀ ಅಧ್ಯಾಯ. ಸೃಜನಶೀಲತೆ ಎಲ್ಲಿದೆ ಇದರಲ್ಲಿ? ತೋರಿಸಿ."

ನಾಗಶ್ರೀ ಬಾಯಿ ತೆರೆಯುವಷ್ಟರಲ್ಲಿ ನನ್ನ ಪಕ್ಕದ ಕುರ್ಚಿ ಸರಿದ ಸದ್ದಾಯಿತು. ಗಗನ ಎದ್ದು ನಿಂತಿದ್ದಳು. ಕೂತ್ಕೊಳೇ ಎಂದು ಕೈ ಹಿಡಿದು ಎಳೆದೆ, ಬಿಡಿಸಿಕೊಂಡಳು.

"ಮೇಡಂ, ಅದು ನಾವು ಮಾಡಿದ್ ತಪ್ಪು. ಮಿಸ್ಸಿಗೆ ಗೊತ್ತಿರ್ನಿಲ್ಲ. ಎಲ್ರೂ ಒಂದೇ ಬರುದ್ರೆ ಮಿಸ್ಸು ಪಾಸಾಯ್ತರೆ ಅನ್ಕಂಡ್ವಿ. ಅದ್ರಿಂದ್ಲೇ ಕೆಲಸ ಓಯ್ತು ಅಂತ ಬಸ್ಸಲ್ಲಿ ಇವ್ರು ಮಾತಾಡ್ತಿದ್ದಾಗ ನಂಗೆ ಗೊತ್ತಾಯ್ತು. ಅವ್ರುನ್ನ ಫೇಲ್ ಮಾಡ್ಬೇಡಿ." ಇಷ್ಟು ಹೇಳುವಷ್ಟರಲ್ಲಿ ಅವಳು ಬಿಕ್ಕತೊಡಗಿದಳು.

ಪರೀಕ್ಷಕಿ ಅವಳ ಕಡೆ ತಿರುಗಿದರು. "ಹಾಗೆ ಮಾಡೋಣ ಅಂತ ನಿಮಗೆ ಯಾರು ಹೇಳಿದ್ದಮ್ಮ?"

"ಯಾರೂ ಯೋಳ್ನಿಲ್ಲ ಮೇಡಂ. ನಮ್ಗೇ ತೋಚ್ತು."

ನಾಗಶ್ರೀ ಮೈಕನ್ನು ಪಕ್ಕಕ್ಕಿಟ್ಟಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಮೇಡಂ, ನೀವು ಕೇಳಿದ್ದಕ್ಕೆ ಇದೇ ಉತ್ತರ" ಎಂದಳು. "ವೈಜ್ಞಾನಿಕ ಸೃಜನಶೀಲತೆಯಲ್ಲಿ ಎಲ್ಲಕ್ಕಿಂತ ಮೊದಲನೆಯದು ಬೇರೆಯವರಿಗೆ ಕಾಣದ ಪ್ರಶ್ನೆಯನ್ನ ತಾನೇ ಕಾಣೋದು ಅಂತ ಎಲ್ಲ ಪುಸ್ತಕದಲ್ಲೂ ಇದೆ. ನಾನು ಕೇಳಿದ್ದು ನೀರಿನ ಪ್ರಶ್ನೆ. ನಮ್ಮ ಮಿಸ್ಸನ್ನ ಪಾಸು ಮಾಡೋದು ಹೇಗೆ ಅನ್ನೋದನ್ನ ನಾನು ಕೇಳಿರಲಿಲ್ಲ. ಅದನ್ನ ಅವರೇ ಕಂಡುಕೊಂಡ್ರು, ಇದ್ದದ್ದರಲ್ಲಿ ಒಳ್ಳೆ ದಾರಿನೂ ಹುಡುಕಿದ್ರು. ನನ್ನ ಅಂಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಅದು ನನ್ನ ಪ್ರಶ್ನೆಪತ್ರಿಕೆಯ ತಪ್ಪು, ಮಕ್ಕಳದ್ದಲ್ಲ."

ಪರೀಕ್ಷಕಿ ಬೆರಳಿಟ್ಟಿದ್ದ ಹಾಳೆಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು. ಪ್ರೊಫೆಸರ್ ಶಶಿಧರ್ ಮೇಜಿನ ಮೇಲೆ ಕಣ್ಣು ನೆಟ್ಟಿದ್ದರು. ಆಮೇಲೆ ಅವರೆಲ್ಲ ಪಕ್ಕದ ಕೋಣೆಗೆ ಹೋದರು, ಬಂದರು, ಪದವಿಗೆ ಶಿಫಾರಸು ಮಾಡಿದ್ದೇವೆ ಎಂದು ಓದಿದರು. ಕೆಂಪಸಿದ್ದಯ್ಯ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಟ್ಟಲಮ್ಮ ಶಿಫಾರಸು ಎಂದರೇನೆಂದು ತಿಳಿಯದೆ ನನ್ನ ಮುಖ ನೋಡಿದರು. "ಆಯ್ತು ಕಣ್ರಮ್ಮ, ನಿಮ್ಮ ಮಗಳು ಡಾಕ್ಟರ್ರು" ಎಂದೆ.

ಮುಂದಿನ ಹುದ್ದೆಗೆ ಯಾವಾಗ ಕರೆಯುತ್ತಾರೋ ಯಾರಿಗೂ ಗೊತ್ತಿಲ್ಲ. ಈ ವರ್ಷವೂ ಅವಳು ನಮ್ಮಲ್ಲಿ ಅತಿಥಿಯೇ. ಆದರೆ ಆ ಕ್ಷಣದಲ್ಲಿ ಅದು ಯಾರಿಗೂ ನೆನಪಿರಲಿಲ್ಲ. ನಾಗಶ್ರೀ ವೇದಿಕೆಯಿಂದ ಇಳಿದು ಅವ್ವನ ಹತ್ತಿರಕ್ಕೂ ಹೋಗದೆ ನೇರವಾಗಿ ಗಗನಳ ಹತ್ತಿರ ಬಂದಳು. ಹುಡುಗಿ ಕುರ್ಚಿಯಲ್ಲಿ ಕೂತು ಇನ್ನೂ ಬಿಕ್ಕುತ್ತಿದ್ದಳು.

"ಪಾಸಾ ಮಿಸ್?"

"ಪಾಸು ಕಣಮ್ಮ."

ಗಗನ ತೋಳಿನಿಂದ ಮೂಗು ಒರೆಸಿಕೊಂಡು ಎದ್ದು ನಿಂತಳು. "ಅಂಗಾದ್ರೆ ನಾವ್ ಬರ್ದಿದ್ದು ಸರ್ಯಾಗೇ ಅದೆ ಬುಡಿ" ಎಂದಳು.